ಕೊನೆಯವರು ಬರುವವರೆಗೂ ನೀರು ಇರಲಿ

ಪುಣೆಗೆ ಬಂದು ಹನ್ನೊಂದು ವರ್ಷಗಳಾದವು. ಇಲ್ಲಿಯ ಜನರಿಂದ ನಾನು ಕಲಿತ ಒಳ್ಳೆಯ ಅಭ್ಯಾಸಗಳಲ್ಲಿ ಮೊದಲನೆಯದು ಬೆಳಗ್ಗೆ ಎದ್ದು ಟೇಕಡಿ ಹತ್ತುವುದು. ವೇತಾಳ ಟೇಕಡಿ, ಹನುಮಾನ್ ಟೇಕಡಿ, ತಳಜಾಯಿ, ಪರ್ವತಿ ಮುಂತಾದ ಗುಡ್ಡಗಳು ಊರಿನ ನಡುವೆಯೇ ಇರುವುದರಿಂದ, ಕಚೇರಿಗೆ ಹೊರಡುವ ಮುನ್ನ ಒಮ್ಮೆ ಹತ್ತಿಳಿದು ಬರುವವರು ಪ್ರತಿಯೊಂದು ಬಡಾವಣೆಯಲ್ಲೂ ಸಿಗುತ್ತಾರೆ. ಭಾನುವಾರ ಬಂತೆಂದರೆ ಅವರಲ್ಲೇ ಹಲವರು ತಪ್ಪಲಿನ ಆತಕರವಾಡಿಯಿಂದ ಸಿಂಹಗಡ ಕೋಟೆ ಹತ್ತಿ, ಮೇಲೆ ಮಡಕೆಯ ಮೊಸರು ತಿಂದು, ಊಟದ ಹೊತ್ತಿಗೆ ಮನೆ ಸೇರುತ್ತಾರೆ. 5, 10, 21, 50 ಕಿ.ಮೀ. ಎಂದು ಹಲವು ದೂರಗಳನ್ನಿಟ್ಟು ಹೊಸಬರನ್ನು ಕರೆಯುವ ಟ್ರೇಲ್ ಓಟದ, ಎಂದರೆ ಗುಡ್ಡದ ಕಾಲುದಾರಿಯ ಓಟದ, ಹಬ್ಬಗಳು ಈ ನೆಲದಲ್ಲಿ ಬೇರುಬಿಟ್ಟಿರುವುದಕ್ಕೆ ಈ ದಿನನಿತ್ಯದ ನಡಿಗೆಯೇ ಕಾರಣವೆಂದು ನಾನು ನಂಬಿದ್ದೇನೆ.

ನಮ್ಮ ಕಡೆ ಬೆಟ್ಟಗಳಿಗೇನೂ ಕೊರತೆಯಿಲ್ಲ. ನಾನು ಹುಟ್ಟಿ ಬೆಳೆದ ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ದಿನವೂ ಹತ್ತುವವರಿದ್ದಾರೆ. ಆದರೆ ಟ್ರೇಲ್ ಓಟ ಎಂದೊಡನೆ ನಮ್ಮವರಿಗೆ ನೆನಪಾಗುವುದು ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳು, ಎರಡು ದಿನದ ರಜೆ, ಹೋಂಸ್ಟೇ. ಮಲ್ನಾಡ್ ಅಲ್ಟ್ರಾದಂತಹ ಓಟಗಳು 50 ಕಿ.ಮೀ. ಮತ್ತು ಅದಕ್ಕೂ ಮೀರಿದ ದೂರಗಳಿಗೆ ಹೆಸರಾದವು. ಪಳಗಿದವರಿಗೆ ಅವು ಬೇಕು. ಮೊದಲ ಸಲ ಬೂಟು ಕಟ್ಟುವವರು ಮಾತ್ರ ಐದು ಕಿ.ಮೀ.ಗಾಗಿ ಅಷ್ಟು ದೂರ ಹೋಗಿ ತಂಗಲಾರರು. ಅವರಿಗೆ ಬಸ್ಸಿನಲ್ಲಿ ಹೋಗಿ ಮಧ್ಯಾಹ್ನಕ್ಕೆ ಮರಳುವಷ್ಟು ಹತ್ತಿರದ ಗುಡ್ಡ ಬೇಕು, ಓಟಕ್ಕೆ ಮುಂಚೆ ಐದಾರು ವಾರ ಅದೇ ಗುಡ್ಡದಲ್ಲಿ ಜೊತೆಗೆ ನಡೆಯುವವರು ಬೇಕು.

ಹಾಗೆ ನಡೆದು ನೋಡಿದರಷ್ಟೇ ದೂರದ ನಿಜವಾದ ಅಳತೆ ಕಾಲಿಗೆ ತಿಳಿಯುತ್ತದೆ. ಬೆಟ್ಟದ ಓಟದಲ್ಲಿ 100 ಮೀಟರ್ ಏರನ್ನು ಒಂದು ಕಿ.ಮೀ. ಸಪಾಟು ದಾರಿಗೆ ಸಮವೆಂದು ಲೆಕ್ಕ ಹಿಡಿಯುತ್ತಾರೆ. ಆತಕರವಾಡಿಯಿಂದ ಸಿಂಹಗಡಕ್ಕೆ ಇರುವ ಸುಮಾರು 600 ಮೀಟರ್ ಏರು ಎಂದರೆ ಕಾಲಿಗೆ ಇನ್ನೂ ಆರು ಕಿ.ಮೀ. ಸೇರಿದಂತೆ. ರಸ್ತೆಯಲ್ಲಿ ಒಂದು ಗಂಟೆಗೆ ಹತ್ತು ಕಿ.ಮೀ. ಓಡುವವರಿಗೂ ಇಂಥ ಗುಡ್ಡಗಳಲ್ಲಿ ಅಷ್ಟೇ ದೂರಕ್ಕೆ ಎರಡು ಗಂಟೆ ಹಿಡಿಯಬಹುದು. ಇಳಿಜಾರಿನ ಸಡಿಲ ಮುರೂಮಿನ, ಅಂದರೆ ಗರಸು ಮಣ್ಣಿನ, ಮೇಲಂತೂ ಪುಟ್ಟ ಹೆಜ್ಜೆಯಿಡದಿದ್ದರೆ ಮಂಡಿಗೆ ಪೆಟ್ಟು ತಪ್ಪಿದ್ದಲ್ಲ.

ಇಷ್ಟೆಲ್ಲ ಕಲಿಸಿಕೊಟ್ಟ ಪುಣೆಯ ಬಗ್ಗೆ ನನಗೊಂದು ನೋವೂ ಇದೆ. ಕಳೆದ ಚಳಿಗಾಲದ ಒಂದು ಓಟದಲ್ಲಿ ಕೊನೆಯವರ ಹಿಂದೆ ನಡೆಯುತ್ತ, ದಾರಿ ತೋರಿಸಲು ಪೊದೆಗಳಿಗೆ ಕಟ್ಟಿದ್ದ ರಿಬ್ಬನ್‌ಗಳನ್ನು ಬಿಚ್ಚಿಕೊಂಡು ಬರುವ ಕೆಲಸ ನನ್ನದಾಗಿತ್ತು. ಐದು ಕಿ.ಮೀ.ನವರನ್ನು ಎಲ್ಲರಿಗಿಂತ ಕೊನೆಗೆ, ಬಿಸಿಲೇರಿದ ಮೇಲೆ ಬಿಟ್ಟಿದ್ದರು. ನನ್ನ ಮುಂದಿದ್ದವರು ವಿಜಯಪುರದ ಒಬ್ಬ ತಾಯಿ, ಮಗನ ಮನೆಗೆಂದು ಬಂದವರು. ಸೀರೆಯ ನೆರಿಗೆಯನ್ನು ಎತ್ತಿ ಸಿಕ್ಕಿಸಿಕೊಂಡು, ಸೊಸೆಯ ಬೂಟು ಹಾಕಿಕೊಂಡು, ಎದೆಯ ಮೇಲೆ ಓಟಗಾರರ ಸಂಖ್ಯೆಯ ಚೀಟಿಯಾದ ಬಿಬ್ಬನ್ನು ನಾಲ್ಕು ಪಿನ್ನುಗಳಿಂದ ನೇರವಾಗಿ ಚುಚ್ಚಿಕೊಂಡಿದ್ದರು. "ತಮ್ಮಾ, ನೀರಿಂದು ಟೇಬಲ್ಲು ಇನ್ನ ಎಷ್ಟ ದೂರ ಐತಿ?" ಎಂದು ಕೇಳಿದರು. "ಈ ತಿರುವು ದಾಟಿದರೆ ಬಂತು, ಅಮ್ಮ" ಎಂದೆ. ತಿರುವು ದಾಟಿದಾಗ ಟೇಬಲನ್ನು ಮಡಿಚಿ ಗಾಡಿಗೆ ಹಾಕಿಯಾಗಿತ್ತು. ನನ್ನ ಬಾಟಲಿಯಲ್ಲಿ ಉಳಿದಿದ್ದ ಎರಡು ಗುಟುಕನ್ನು ಕುಡಿದು, ಅವರು ಏನೂ ಅನ್ನದೆ ನಡೆದರು.

ಆಗ ನನಗೆ ಚಾಮುಂಡಿ ಬೆಟ್ಟ ನೆನಪಾಯಿತು. ಅಲ್ಲಿ ಹರಕೆ ಹೊತ್ತ ಹೆಂಗಸರು ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತ ಹತ್ತುತ್ತಾರೆ, ನಂದಿಯ ಬಳಿ ಕುಳಿತು ದಣಿವಾರಿಸಿಕೊಳ್ಳುತ್ತಾರೆ. ಹೊತ್ತಾಯಿತೆಂದು ಅವರನ್ನು ಯಾರೂ ಎಬ್ಬಿಸುವುದಿಲ್ಲ. 50 ಕಿ.ಮೀ.ನವರಿಗೆ ಕಟ್ ಆಫ್ ಸಮಯ, ಅಂದರೆ ಓಟ ಮುಗಿಸಬೇಕಾದ ಗಡುವು, ಬಿಗಿಯಾಗಿರಲಿ, ಕತ್ತಲಾದ ಮೇಲೆ ಗುಡ್ಡದಲ್ಲಿ ಯಾರೂ ಉಳಿಯಬಾರದು. ಐದು ಕಿ.ಮೀ.ನವರನ್ನು ಮಾತ್ರ ತಂಪು ಹೊತ್ತಿನಲ್ಲೇ ಬಿಟ್ಟು, ಅವರಲ್ಲಿ ಕೊನೆಯವರು ಮುಟ್ಟುವವರೆಗೆ ನೀರು, ಬಾಳೆಹಣ್ಣು, ಪದಕ ಕಾಯ್ದಿಡಬೇಕು. ಮೈಸೂರು, ತುಮಕೂರು, ಚಿತ್ರದುರ್ಗಗಳಲ್ಲಿ ಇಂಥ ಓಟ ನಡೆಸಲು ಮುಂದಾಗುವವರು ಟೇಕಡಿಯ ಅಭ್ಯಾಸವನ್ನು ಇಲ್ಲಿಂದ ಒಯ್ಯಲಿ, ಕಾಯುವ ಸಹನೆಯನ್ನು ನಮ್ಮ ಮೆಟ್ಟಿಲುಗಳಿಂದಲೇ ಕಲಿಯಲಿ.

ಮುಂದಿನ ಓಟಕ್ಕೂ ಕೊನೆಯವರ ಹಿಂದೆ ನಡೆಯುವ ಕೆಲಸವನ್ನೇ ಕೇಳಿಕೊಂಡಿದ್ದೇನೆ. ಈ ಸಲ ಬೆನ್ನಚೀಲದಲ್ಲಿ ನಾಲ್ಕು ಲೀಟರ್ ನೀರು ಇರುತ್ತದೆ.