ವಿಕ್ಟೋರಿಯಾ ಸರೋವರಕ್ಕೆ ಹೋಗಿ, ಆದರೆ ಬೀಚ್ ನೋಡೋಕಲ್ಲ

ಉಗಾಂಡಾಕ್ಕೆ ಬರ್ತೀವಿ ಅಂತ ಊರಿಂದ ಫೋನ್ ಮಾಡುವವರಿಗೆಲ್ಲ ಬೇಕಾಗಿರುವುದು ಎರಡೇ. ಒಂದು ಗೊರಿಲ್ಲಾ, ಇನ್ನೊಂದು ಸಿಂಹ. ಗೊರಿಲ್ಲಾ ನೋಡೋಕೆ ಪರ್ಮಿಟ್ಟೇ ತಲೆಗೆ 800 ಡಾಲರ್. ಅಷ್ಟು ದುಡ್ಡು ಕೊಟ್ಟು, ಸೊಂಟ ಹಿಡಿಯುವವರೆಗೂ ಜೀಪಿನಲ್ಲಿ ಕೂರೋಕೆ ತಯಾರಿರುವ ಜನ, ವಿಮಾನ ಎಂಟೆಬೆಯಲ್ಲಿ ಇಳಿಯುವಾಗ ಕಿಟಕಿ ತುಂಬ ಕಾಣುವ ವಿಕ್ಟೋರಿಯಾ ಸರೋವರವನ್ನು ಮಾತ್ರ ಒಂದು ಫೋಟೋ ತೆಗೆದು ಮರೆತುಬಿಡುತ್ತಾರೆ.

ಸುಮಾರು 68 ಸಾವಿರ ಚದರ ಕಿಲೋಮೀಟರ್ ನೀರು ಸ್ವಾಮಿ ಅದು. ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಟಾಂಜಾನಿಯಾ, ಉಗಾಂಡಾ, ಕೀನ್ಯಾ ಮೂರೂ ದೇಶಗಳು ಹಂಚಿಕೊಂಡಿವೆ.

ಇನ್ನು ಸರೋವರಕ್ಕೆ ಅಂತಲೇ ಹೋಗುವ ಕೆಲವರಿದ್ದಾರೆ. ಅವರು ಸೆಸೆ ದ್ವೀಪಗಳ ರೀಲ್ಸ್ ನೋಡಿ ಹೋಗುವವರು. ಬಿಳಿ ಮರಳು, ತಾಳೆ ಮರ, ಕೆಳಗೆ 'ಮನುಷ್ಯ ಮುಟ್ಟದ ಪ್ರಕೃತಿ' ಅಂತ ಒಂದು ಸಾಲು. ನನ್ನ ತಕರಾರು ಇರುವುದು ಆ ಸಾಲಿನ ಮೇಲೆ. ಅಲ್ಲಿ ಮನುಷ್ಯ ಮುಟ್ಟದೇ ಇರುವುದು ಏನೂ ಇಲ್ಲ. ಕಾಡು, ಮೀನು, ನೀರಿನ ಮಟ್ಟ, ಒಂದೊಂದರ ಹಿಂದೆಯೂ ಯಾರೋ ಒಬ್ಬ ಅಧಿಕಾರಿಯ ಸಹಿ ಇದೆ. ಅದನ್ನು ನೋಡೋಕೆ ಹೋಗಿ ಅಂತ ನಾನು ಹೇಳುವುದು.

ಸೆಸೆ ಅಂದರೆ 84 ದ್ವೀಪಗಳ ಗುಂಪು. ದೊಡ್ಡದು ಬುಗಾಲಾ. ಎಂಟೆಬೆ ಹತ್ತಿರದ ನಕಿವೋಗೋದಿಂದ ಎಂವಿ ಕಲಂಗಾಲಾ ಅನ್ನುವ ಹಡಗು ಮಧ್ಯಾಹ್ನ ಹೊರಡುತ್ತದೆ, ಮೂರೂವರೆ ಗಂಟೆಯ ದಾರಿ. ಸೋಡಾ ಕ್ರೇಟು, ಹಾಸಿಗೆ, ಕಾಲು ಕಟ್ಟಿದ ಕೋಳಿ ಎಲ್ಲದರ ಜೊತೆ ನೀವೂ. ರೆಸಾರ್ಟಿನವರ ಸ್ಪೀಡ್ ಬೋಟ್ ಬೇಡ. ಅದರಲ್ಲಿ ಹೋದರೆ ಬಟ್ಟೆ ಒದ್ದೆ ಆಗುವುದು ಬಿಟ್ಟರೆ ಬೇರೇನೂ ಆಗುವುದಿಲ್ಲ.

ಬುಗಾಲಾದ ಕಾಡಿನ ಒಳಗೆ ಕಾಲಿಟ್ಟರೆ ಮಧ್ಯಾಹ್ನವೂ ಮಬ್ಬುಗತ್ತಲು. ಆದಿಕಾಲದ್ದು ಅನ್ನಿಸುತ್ತೆ. ಆದರೆ 1900ರ ಹೊತ್ತಿಗೆ ಇಲ್ಲಿ ತೋಟ, ಮನೆ, ಜನ ಎಲ್ಲ ಇತ್ತು. ಈ ಭಾಗದ ಗಂಡಾ ಅನ್ನುವ ಸಮುದಾಯದ ಸರೋವರ ದೇವರು ಮುಕಾಸಾನ ಮುಖ್ಯ ಗುಡಿ ಇದ್ದದ್ದೂ ಈ ದ್ವೀಪಗಳಲ್ಲೇ. ಆಗ ಬಂತು ನಿದ್ರಾರೋಗ. ಟ್ಸೆಟ್ಸೆ ನೊಣ ಕಚ್ಚಿ ಬರುವ ಕಾಯಿಲೆ. ಸರೋವರದ ಸುತ್ತಮುತ್ತ ಎರಡು ಲಕ್ಷಕ್ಕೂ ಜಾಸ್ತಿ ಜನ ಸತ್ತರು. ಬ್ರಿಟಿಷ್ ಗವರ್ನರ್ ಹೆಸ್ಕೆತ್ ಬೆಲ್, ನೊಣವನ್ನು ಓಡಿಸೋಕೆ ಆಗಲ್ಲ, ಜನರನ್ನೇ ಓಡಿಸೋಣ ಅಂತ ತೀರ್ಮಾನ ಮಾಡಿದ. ಮೊದಲು ದಡದ ಊರುಗಳು, ಆಮೇಲೆ ದ್ವೀಪಗಳು. ಬದುಕಿ ಉಳಿದವರನ್ನು ದೋಣಿ ಹತ್ತಿಸಿ ಒಳನಾಡಿಗೆ ಸಾಗಿಸಿದರು. ಹತ್ತು ವರ್ಷಕ್ಕೂ ಮೇಲೆ ಸೆಸೆ ಖಾಲಿ ಬಿದ್ದಿತ್ತು. ಬಾಳೆ ತೋಟಗಳ ಮೇಲೆ ಕಾಡು ಹಬ್ಬಿತು. ನಾವು ಇವತ್ತು ಕತ್ತೆತ್ತಿ ನೋಡಿ 'ಅಬ್ಬಾ' ಅನ್ನುವ ಎಷ್ಟೋ ಮರಗಳ ಬುಡದಲ್ಲಿ ಯಾರದೋ ಹಿತ್ತಲಿದೆ.

ಅದೇ ಕಾಡಿನ ಪಕ್ಕ ನಡೆದು ಬಂದರೆ ತಟ್ಟನೆ ಸಾಲು ಮರ. ಅಳತೆ ಹಿಡಿದು ನೆಟ್ಟ ಎಣ್ಣೆ ತಾಳೆ. ರೀಲ್ಸಿನಲ್ಲಿ ಕಾಣುವ ಪ್ರಕೃತಿ ಇದೇ! 2000ದ ಈಚೆಗೆ ಸರ್ಕಾರದ ಯೋಜನೆಯಲ್ಲಿ ಬಂದದ್ದು, ಅದಕ್ಕೆ ಬುಗಾಲಾದ ಕಾಡು ಸಾಕಷ್ಟು ಹೋಯಿತು. ಬೈಯೋದು ಸುಲಭ. ಆದರೆ ಗೊನೆ ಮಾರುವ ರೈತರಿಗೆ ತಿಂಗಳು ತಿಂಗಳು ದುಡ್ಡು ಬರುತ್ತಿದೆ, ಮೀನಿನಿಂದ ಅಷ್ಟು ನಂಬಿಕೆಯ ದುಡ್ಡು ಬರುವುದಿಲ್ಲ ಅಂತ ಅವರೇ ಹೇಳುತ್ತಾರೆ. ಹೊರದೇಶದಿಂದ ಹಡಗುಗಟ್ಟಲೆ ತಾಳೆ ಎಣ್ಣೆ ತರಿಸಿ ಬೇಕರಿ ಖಾರ ಕರಿಯುವ ನಾವು ಅವರಿಗೆ ಪಾಠ ಹೇಳೋಕೆ ಹೋಗೋದು ಬೇಡ, ಅಲ್ವಾ?

ಈಗ ಮೀನಿನ ವಿಷಯಕ್ಕೆ ಬರೋಣ. ನಾನು ಅಲ್ಲಿ ಜಾಸ್ತಿ ಹೊತ್ತು ಕಳೆಯುವುದು ಲ್ಯಾಂಡಿಂಗ್ ಸೈಟುಗಳಲ್ಲಿ. ಅಂದರೆ ದೋಣಿ ಬಂದು ಮೀನು ಇಳಿಸುವ ಜಾಗ. ಹಲಗೆ ಮನೆಗಳು, ತಗಡಿನ ಮಾಡು, ಐಸ್ ಪೆಟ್ಟಿಗೆ, ತೂಕದ ಕೊಕ್ಕೆ. ಆ ಕೊಕ್ಕೆಗೆ ನೇತು ಬೀಳುವುದು ನೈಲ್ ಪರ್ಚ್, ಅಲ್ಲಿಯವರ ಮಾತಲ್ಲಿ ಎಂಪುಟಾ. 200 ಕಿಲೋವರೆಗೂ ಬೆಳೆಯಬಲ್ಲ ಮೀನು. ಇದು ಈ ಸರೋವರದ್ದಲ್ಲ. ಸಣ್ಣ ಮೀನು ತಿಂದು ದೊಡ್ಡ ಮೀನಾಗಲಿ, ಮಾರೋಕೆ ಆಗುತ್ತೆ ಅಂತ 1950ರ ದಶಕದಲ್ಲಿ ತಂದು ಬಿಟ್ಟದ್ದು. ಬೇಡ ಅಂದ ವಿಜ್ಞಾನಿಗಳಿದ್ದರು, ಯಾರೂ ಕೇಳಲಿಲ್ಲ. ಸುಮಾರು ಮೂವತ್ತು ವರ್ಷ ಏನೂ ಆಗದ ಹಾಗೆ ಇತ್ತು. 1980ರ ದಶಕದಲ್ಲಿ ಒಮ್ಮೆಲೇ ಎಲ್ಲಿ ನೋಡಿದರೂ ಅದೇ ಮೀನು. ಸರೋವರದಲ್ಲಿದ್ದ ಸಿಕ್ಲಿಡ್ ಅನ್ನುವ ಸಣ್ಣ ಮೀನುಗಳಲ್ಲಿ 500ರಷ್ಟು ಜಾತಿಗಳಿದ್ದವು, ಬೇರೆಲ್ಲೂ ಸಿಗದಂಥವು. ಅದರಲ್ಲಿ ಇನ್ನೂರರಷ್ಟು ಕಾಣೆಯಾದವು. ಇನ್ನೂ ಒಂದು ಫಜೀತಿ. ಈ ಹೊಸ ಮೀನಿನಲ್ಲಿ ಕೊಬ್ಬು ಜಾಸ್ತಿ, ಸಣ್ಣ ಮೀನಿನ ಹಾಗೆ ಬಿಸಿಲಿಗೆ ಒಣಗುವುದಿಲ್ಲ, ಹೊಗೆಯಲ್ಲೇ ಸುಡಬೇಕು. ಅದಕ್ಕೆ ಸೌದೆ ಬೇಕು. ಸೌದೆಗೆ ದಡದ ಮರ ಹೋದವು.

ಮೀನು ಸೀಳುವ ಹುಡುಗ ಹೊಟ್ಟೆಯೊಳಗೆ ಕೈ ಹಾಕಿ ಮೊದಲು ತೆಗೆಯುವುದು ಗಾಳಿಚೀಲವನ್ನು. ಬಿಳೀ ಬಲೂನಿನಂಥದ್ದು. ಅದನ್ನು ತೊಳೆದು ಬೇರೆ ಬಕೆಟ್ಟಿಗೆ ಹಾಕುತ್ತಾನೆ, ಮೇಲೆ ಮುಚ್ಚಳ ಹಾಕುತ್ತಾನೆ, ಆ ಬಕೆಟ್ ಮೇಲಿಂದ ಕಣ್ಣು ತೆಗೆಯುವುದಿಲ್ಲ. ಅದು ಒಣಗಿ ಚೀನಾಕ್ಕೆ ಹೋಗುತ್ತದೆ, ಮಾಂಸಕ್ಕಿಂತ ಎಷ್ಟೋ ಪಟ್ಟು ಬೆಲೆ. ಮಾಂಸ ಕಾರ್ಖಾನೆಗೆ, ಅಲ್ಲಿಂದ ಯುರೋಪಿಗೆ. ತಲೆ ಮತ್ತು ಮುಳ್ಳಿನ ಹಂದರ ಊರಿನ ಮಾರುಕಟ್ಟೆಗೆ. ಮೀನು ಹಿಡಿದವನ ಮನೆಯಲ್ಲಿ ಅವತ್ತಿನ ಸಾರು ಬಹಳ ಸಲ ಆ ಹಂದರದ್ದೇ. ಯಾರೂ ಮೋಸ ಮಾಡಿದ್ದಲ್ಲ, ಲೆಕ್ಕವೇ ಹಾಗೆ. ಆದರೂ ನನಗೆ ಸಿಟ್ಟು ಬರುತ್ತದೆ.

ಪಕ್ಕದಲ್ಲೇ ಹೆಂಗಸರು ಮುಕೇನೆ ಹರಡುತ್ತಿರುತ್ತಾರೆ. ಬೆರಳಷ್ಟೂ ಇಲ್ಲದ ಬೆಳ್ಳಿ ಬಣ್ಣದ ಮೀನು. ವಾಸನೆ ಥೇಟ್ ಮಲ್ಪೆಯ ಒಣಮೀನಿನ ಅಂಗಳದ್ದು. ಅಟ್ಟಣೆಯ ಮೇಲೆ ಬಲೆ ಹಾಸಿ ಒಣಗಿಸಿದ್ದು ಮನುಷ್ಯರಿಗೆ. ಮರಳಿನ ಮೇಲೆ ಒಣಗಿದ್ದು ಹೆಚ್ಚಾಗಿ ಕೋಳಿ ಆಹಾರದ ಮಿಲ್ಲಿಗೆ. ಮುಕೇನೆ ಹಿಡಿಯೋದು ಅಮಾವಾಸ್ಯೆಯ ಆಸುಪಾಸಿನ ಕತ್ತಲೆಯಲ್ಲಿ, ದೀಪ ತೇಲಿಬಿಟ್ಟು. ಹುಣ್ಣಿಮೆ ಹತ್ತಿರ ಬಂದರೆ ಕೆಲಸ ಇಲ್ಲ, ಸಾಲ ಮಾತ್ರ. 2017ರಲ್ಲಿ ಸಣ್ಣ ಬಲೆ, ಸಣ್ಣ ದೋಣಿ ಹಿಡಿಯೋಕೆ ಸೈನ್ಯವೇ ನೀರಿಗಿಳಿಯಿತು. ಮರಿಮೀನು ಉಳಿಯಬೇಕು, ಸರಿ. ಆದರೆ ದೊಡ್ಡ ದೋಣಿ ಕೊಳ್ಳೋಕೆ ಆಗದವನು ದಡದಲ್ಲೇ ಉಳಿದ. ಕಾನೂನು ಸರಿಯಿದ್ದೂ ಹೊಡೆತ ಬಡವನಿಗೇ ಬಿದ್ದ ಇಂಥ ಕಥೆ ನಮ್ಮಲ್ಲೂ ಬೇಕಾದಷ್ಟಿದೆ.

ನೀರು? ಅದೂ ಸುಮ್ನೆ ಇಲ್ಲ. ಜಿಂಜಾ ಅನ್ನುವ ಊರಲ್ಲಿ, ಸರೋವರದಿಂದ ನೈಲ್ ನದಿ ಹೊರಡುವ ಜಾಗದಲ್ಲಿ ರಿಪನ್ ಅನ್ನುವ ಜಲಪಾತ ಇತ್ತು. 1954ರ ಅಣೆಕಟ್ಟು ಬಂದ ಮೇಲೆ ಅದು ಮುಳುಗಿತು. (ಗಾಂಧೀಜಿಯ ಚಿತಾಭಸ್ಮದ ಒಂದು ಭಾಗವನ್ನು 1948ರಲ್ಲಿ ಬಿಟ್ಟದ್ದು ಇಲ್ಲೇ. ಈಗ ಒಂದು ಪ್ರತಿಮೆ ಇದೆ, ಭಾರತೀಯರೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.) ಅಣೆಕಟ್ಟು ಬಂದಂದಿನಿಂದ ಸರೋವರದ ಬಾಗಿಲು ಮನುಷ್ಯನ ಕೈಯಲ್ಲಿದೆ. ಆದರೆ ಸರೋವರಕ್ಕೆ ಬರುವ ನೀರಿನಲ್ಲಿ ನೂರಕ್ಕೆ ಸುಮಾರು ಎಂಬತ್ತು ಪಾಲು ನೇರ ಅದರ ಮೇಲೇ ಬೀಳುವ ಮಳೆ. 2020ರಲ್ಲಿ ಮಳೆ ಮಿತಿಮೀರಿ ನೀರಿನ ಮಟ್ಟ 1964ರ ದಾಖಲೆಯನ್ನೇ ದಾಟಿತು. ರೆಸಾರ್ಟಿನ ಬಿಳಿ ಮರಳು, ಲ್ಯಾಂಡಿಂಗ್ ಸೈಟಿನ ಗುಡಿಸಲು ಎರಡನ್ನೂ ನೀರು ನುಂಗಿತು. ರೆಸಾರ್ಟಿನವರು ಹಿಂದಕ್ಕೆ ಕಟ್ಟಿಕೊಂಡರು. ಗುಡಿಸಲಿನವರಿಗೆ ಹಿಂದೆ ಜಾಗ ಇರಲಿಲ್ಲ.

ಹೋಗುವವರಿಗೆ ಎರಡು ಮಾತು. ಈಜು ಬೇಡ. ದಡದ ಜೊಂಡಿನಲ್ಲಿರುವ ಬಸವನಹುಳುವಿನಿಂದ ಬಿಲ್ಹಾರ್ಜಿಯಾ ಅನ್ನುವ ಕಾಯಿಲೆ ಬರುತ್ತದೆ, ಬಸವನಹುಳು ನೀರಿಗೆ ಬಿಡುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳು ಚರ್ಮ ತೂರಿಯೇ ಒಳಗೆ ಹೋಗುತ್ತದೆ. 'ನಮ್ಮ ಬೀಚಿನಲ್ಲಿ ಅದಿಲ್ಲ' ಅಂತ ಎಲ್ಲ ಬೀಚಿನವರೂ ಹೇಳುತ್ತಾರೆ. ಸಂಜೆ ಮೇಲೆ ಸಣ್ಣ ದೋಣಿ ಹತ್ತಬೇಡಿ, ಇಲ್ಲಿ ಗುಡುಗು ಮಳೆ ಹೇಳಿ ಕೇಳಿ ಬರುವುದಿಲ್ಲ.

ಹಡಗು ರಿಪೇರಿಗೆ ಹೋಗಿದೆಯಾ ಅಂತ ಮೊದಲೇ ವಿಚಾರಿಸಿ, ಆಗಾಗ ಹೋಗುತ್ತದೆ. ವಾಪಸ್ ಹೊರಡುವುದು ಬೆಳಿಗ್ಗೆ 8ಕ್ಕೆ, ತಪ್ಪಿದರೆ ಮರುದಿನವೇ. ಅಥವಾ ಬುಗಾಲಾದ ಇನ್ನೊಂದು ತುದಿಯ ಲೂಕುವಿಂದ ಆಚೆ ದಡದ ಬುಕಾಕಾಟಕ್ಕೆ ಫೆರ್ರಿ ಹಿಡಿಯಿರಿ, ದುಡ್ಡು ಕೊಡಬೇಕಿಲ್ಲ, ಅಲ್ಲಿಂದ ಮಸಾಕಾ ರಸ್ತೆ. ಕಂಪಾಲಾಕ್ಕೆ ಬರುವ ದಾರಿಯಲ್ಲಿ ಕಯಾಬ್ವೆಯಲ್ಲಿ ಭೂಮಧ್ಯರೇಖೆಯ ಕಲ್ಲು ನಿಲ್ಲಿಸಿದ್ದಾರೆ. ಹೋಗುವಾಗ ಹಡಗಿನಲ್ಲಿ ಅದೇ ರೇಖೆ ದಾಟಿದ್ದು ನಿಮಗೆ ಗೊತ್ತೂ ಆಗಿರುವುದಿಲ್ಲ. ಈ ಕಡೆ ನೀರು ಹೀಗೆ ಸುತ್ತುತ್ತೆ, ಆ ಕಡೆ ಹಾಗೆ ಸುತ್ತುತ್ತೆ ಅಂತ ಬೋಗುಣಿ ಹಿಡಿದು ತೋರಿಸಿ ದುಡ್ಡು ಕೇಳುವವರಿದ್ದಾರೆ. ಅದೆಲ್ಲ ಕೈಚಳಕ, ನಂಬಬೇಡಿ. ಆ ದುಡ್ಡಿಗೆ ರಸ್ತೆ ಬದಿಯಲ್ಲಿ ಚಪಾತಿಯೊಳಗೆ ಆಮ್ಲೆಟ್ ಸುತ್ತಿಕೊಡುವ ರೋಲೆಕ್ಸ್ ಬರುತ್ತದೆ. ಮೊಟ್ಟೆ ತಿನ್ನದವರು ಬೀನ್ಸ್ ಹಾಕಿಸಿಕೊಳ್ಳಿ, ಮುಖ ನೋಡ್ತಾರೆ, ಆದರೆ ಮಾಡಿಕೊಡ್ತಾರೆ.