ಟ್ರಾನ್ಸ್‌ಫರ್ ಮಾಡ್ತೀನಿ, ಲೈನಲ್ಲೇ ಇರಿ

ಆಫೀಸ್ ಫೋನಿನಲ್ಲಿ ಕಾಲ್ ಟ್ರಾನ್ಸ್‌ಫರ್ ಮಾಡೋಕೆ ಎರಡು ದಾರಿ ಇವೆ. ಎಕ್ಸ್‌ಟೆನ್ಷನ್ (ಆಫೀಸಿನ ಒಳಗಿನ ಫೋನ್ ನಂಬರ್) ಒತ್ತಿ, ಆ ಕಡೆಯವರು ಎತ್ತಿದ ಮೇಲೆ ‘ಇಂಥವರು, ಇಂಥ ವಿಷಯ’ ಅಂತ ಹೇಳಿ ಕೊಡುವುದು ಒಂದು. ನಂಬರ್ ಒತ್ತಿ ಕೈತೊಳೆದುಕೊಳ್ಳುವುದು ಇನ್ನೊಂದು. ನಮ್ಮಲ್ಲಿ ಎಲ್ಲರಿಗೂ ಎರಡನೆಯದೇ ಇಷ್ಟ.

ಪಾಪ, ಫೋನ್ ಮಾಡಿದವರು ತಮ್ಮ ಕಥೆಯನ್ನು ಮತ್ತೆ ಮೊದಲಿಂದ ಶುರು ಮಾಡಬೇಕು. ಅರ್ಧ ಕೇಳಿದ ಮೇಲೆ ಗೊತ್ತಾಗುತ್ತದೆ, ಇದು ನನ್ನ ವಿಭಾಗದ್ದೇ ಅಲ್ಲ! ಸರಿ, ಅಕೌಂಟ್ಸ್‌ಗೆ ಕೊಡೋಣ ಅಂದ್ರೆ ಅಲ್ಲಿ ಸೀಟಲ್ಲಿ ಯಾರೂ ಇರುವುದಿಲ್ಲ. ರಿಂಗ್ ಆಗಿ ಆಗಿ ಕಾಲ್ ತಿರುಗಿ ನನ್ನ ಮೇಜಿಗೇ ಬರುತ್ತದೆ. ಆಗ ಬೈಗುಳ ಯಾರಿಗೆ? ನನಗೆ. ಫೋನಿನ ಪಕ್ಕ ಅಂಟಿಸಿರುವ ಎಕ್ಸ್‌ಟೆನ್ಷನ್ ಪಟ್ಟಿಯಲ್ಲೋ, ಕೆಲಸ ಬಿಟ್ಟು ಹೋದವರ ಹೆಸರೇ ಜಾಸ್ತಿ. ಕೊಡುವ ಮುಂಚೆ ಒಂದು ಮಾತು ಕೇಳಿದರೆ ಇವರ ಗಂಟೇನು ಹೋಗುತ್ತದೆ?