ಕೊನೆ ಪಟ್ಟಿ ಯಾಕೆ ಸೊರಗಿದೆ?

ಬಿಸಿ ಕುಕ್ಕರ್ ಇಡೋಕೆ ಒಂದು ಮರದ ಜಾಲರಿ. ನಮ್ಮ ಮನೆಗೆ ಬೇಕಾಗಿದ್ದು ಇಷ್ಟೇ. ಪುಣೆಯ ಯಾವ ಪೇಟೆಗೆ ಹೋದರೂ ಸಿಗುತ್ತೆ. ಆದರೆ ಮನೆಯಲ್ಲಿ ರೌಟರ್ (ವೈಫೈದಲ್ಲ, ಮರ ಕೊರೆಯುವ ಯಂತ್ರ) ಇಟ್ಟುಕೊಂಡವನು ಜಾಲರಿ ಕೊಂಡು ತರೋದು ಅಂದರೆ, ಅಡುಗೆ ಭಟ್ಟರು ಹೋಟೆಲಿಗೆ ಹೋಗಿ ಉಪ್ಪಿಟ್ಟು ತಿಂದ ಹಾಗೆ. ಮಾನದ ಪ್ರಶ್ನೆ.

"ರೀ, ಇದು ಅಂಗಡ್ಯಾಗ ಸಿಗಂಗಿಲ್ಲೇನು?" ಅಂತ ಕೇಳಿದಳು ಹೆಂಡತಿ. ಅಷ್ಟರಲ್ಲಿ ನಾನು ಭವಾನಿ ಪೇಟೆಯ ಟಿಂಬರ್ ಮಾರ್ಕೆಟ್‌ನಿಂದ ಸಾಗುವಾನಿ ತುಂಡು ತಂದಾಗಿತ್ತು.

ಈ ಜಾಲರಿಯ ಗುಟ್ಟು ತುಂಬಾ ಚಂದ. 18 ಮಿ.ಮೀ. ದಪ್ಪದ ಹಲಗೆಯ ಒಂದು ಮುಖದಲ್ಲಿ ಉದ್ದಕ್ಕೆ ಗ್ರೂವ್, ಅಂದರೆ ಕಾಲುವೆಯಂಥ ಗೀರು, ಕೊರೆಯಬೇಕು. ತಿರುಗಿಸಿ ಹಾಕಿ, ಇನ್ನೊಂದು ಮುಖದಲ್ಲಿ ಅಡ್ಡಕ್ಕೆ ಕೊರೆಯಬೇಕು. ಎರಡೂ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಆಳ, ಅಂದರೆ 10 ಮಿ.ಮೀ. ಗ್ರೂವ್‌ಗಳು ದಾಟುವ ಕಡೆಯೆಲ್ಲ ತಾವಾಗಿ ಚೌಕ ತೂತು ಬೀಳುತ್ತೆ. ಸರಿಯಾಗಿ 9 ಮಿ.ಮೀ.ಗೆ ನಿಲ್ಲಿಸಿದರೆ ಮಧ್ಯೆ ತೆಳು ಪೊರೆ ಉಳಿದುಬಿಡುತ್ತೆ. ಆಮೇಲೆ ಚಾಕು ಹಿಡಿದು ಒಂದೊಂದೇ ಕೀಳುತ್ತಾ ಕೂರಬೇಕು. ಅತ್ತ 11, ಇತ್ತ 11, ಒಟ್ಟು 121 ತೂತು.

ಗ್ರೂವ್ 8 ಮಿ.ಮೀ., ನಡುವಿನ ಪಟ್ಟಿಯೂ 8 ಮಿ.ಮೀ. ಪ್ರತಿ ಸಲ ಅಳೆದು ಗೆರೆ ಹಾಕೋರು ಯಾರು? ಅದಕ್ಕೇ ಜಿಗ್, ಅಂದರೆ ಪ್ರತಿ ಸಲ ಅದೇ ಅಳತೆಗೆ ಯಂತ್ರವನ್ನು ನಡೆಸುವ ಸಾಧನ. ರೌಟರಿನ ಅಡಿಗೆ ಒಂದು ಪ್ಲೈವುಡ್ ಹಲಗೆ, ಅದರ ಕೆಳಗೆ ಅಂಟಿಸಿದ ಸಣ್ಣ ರೀಪು. ರೀಪು ಹಿಂದಿನ ಗ್ರೂವ್‌ನಲ್ಲಿ ಜಾರುತ್ತಾ ಹೋಗುತ್ತೆ, ರೌಟರಿನ ಬಿಟ್ (ತಿರುಗುವ ಅಲಗು) ಮುಂದಿನ ಗ್ರೂವ್ ಕೊರೆಯುತ್ತಾ ಹೋಗುತ್ತೆ. ಜಾಲರಿ ಮಾಡೋಕೆ ಹಿಡಿಯುವುದಕ್ಕಿಂತ ಜಾಸ್ತಿ ಹೊತ್ತು ಜಿಗ್ ಮಾಡೋಕೇ ಹಿಡಿಯಿತು. ಅದು ಇರೋದೇ ಹಾಗೆ, ಬಿಡಿ.

ರೌಟರ್ ನಿಮಿಷಕ್ಕೆ 30,000 ಸುತ್ತು ತಿರುಗುವ ಯಂತ್ರ. ಅದರ ಸದ್ದು ಸೊಸೈಟಿಯ ಅಷ್ಟೂ ಮಹಡಿಗೆ ಸಮನಾಗಿ ಹಂಚಿಕೆಯಾಗುತ್ತೆ. ಮೇಲಿನ ಮನೆಯ ಬೆಳಗಾವಿ ಕಾಕಾ ಬನಿಯನ್‌ನಲ್ಲೇ ಇಳಿದು ಬಂದರು. "ತಮ್ಮಾ, ಒಂದರಿಂದ ನಾಕರ ತನಕ ಪುಣೆದಾಗ ಅಂಗಡೀನ ಬಂದ್ ಇರ್ತಾವು. ನಿಂದೇನು ಮಶೀನು?" ನ್ಯಾಯವಾದ ಮಾತು. ಈ ಊರಿನ ಮಧ್ಯಾಹ್ನದ ನಿದ್ದೆಗೆ ಕೈ ಹಾಕಿ ಉಳಿದವರಿಲ್ಲ. ನಾಲ್ಕು ಗಂಟೆಗೆ ಮತ್ತೆ ಶುರು. ಬಾಲ್ಕನಿಯಲ್ಲಿ ಒಣಗಲು ಹಾಕಿದ್ದ ಬಿಳಿ ಪಂಚೆ ಸಂಜೆ ಹೊತ್ತಿಗೆ ಸಾಗುವಾನಿ ಬಣ್ಣಕ್ಕೆ ತಿರುಗಿತ್ತು. ಪಂಚೆ ಕಾಕಾ ಅವರದು. ಮೇಲಿಂದ ಗಾಳಿಗೆ ಬಿದ್ದಿದ್ದನ್ನು ನನ್ನ ಹೆಂಡತಿಯೇ ಉಪಕಾರಕ್ಕೆಂದು ಹಗ್ಗದ ಮೇಲೆ ಹರವಿದ್ದಳು.

ಇನ್ನು ಜಿಗ್ ವಿಷಯ. ಕ್ಲಾಂಪ್ ಬಿಗಿಯುವಾಗ ಹಸಿ ಅಂಟಿನ ಮೇಲೆ ರೀಪು ಅರ್ಧ ಮಿ.ಮೀ. ಜಾರಿ ಕೂತಿತ್ತು. ಅರ್ಧ ಮಿ.ಮೀ. ಯಾವ ಲೆಕ್ಕ ಅಂತೀರಾ? ಪ್ರತಿ ಗ್ರೂವ್ ಹಿಂದಿನದರ ಲೆಕ್ಕದಲ್ಲೇ ಹೊರಡುತ್ತೆ ಅಲ್ವಾ, ಹನ್ನೊಂದನೆಯದಕ್ಕೆ ಬರುವಷ್ಟರಲ್ಲಿ ಅದು 5 ಮಿ.ಮೀ. ಆಗಿತ್ತು. 8 ಇರಬೇಕಾದ ಕೊನೆ ಪಟ್ಟಿ 3ಕ್ಕೆ ಬಂದು ನಿಂತಿತ್ತು. ಜಿಗ್‌ನಷ್ಟು ನಿಯತ್ತಿನ ಆಳು ಬೇರೆ ಸಿಗಲ್ಲ. ಎರಡನೇ ಜಾಲರಿಯಲ್ಲೂ ಅದೇ 3, ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಧಾರವಾಡದಿಂದ ಬಂದಿದ್ದ ಅತ್ತೆ ಕೈಯಲ್ಲಿ ಹಿಡಿದು ನೋಡಿದರು. "ಛಲೋ ಮಾಡೀರಿ. ಆದ್ರ ಈ ಕಡೀ ಪಟ್ಟಿ ಯಾಕ ಸೊರಗೇತಿ?"

ಡಿಸೈನು ಅಂದೆ. ಅವರು ಅದರ ಮೇಲೆ ಕುಕ್ಕರ್ ಇಟ್ಟರು. ಟಪ್! ಮರದ ಎಳೆಗೆ ಅಡ್ಡವಾಗಿದ್ದ ಕಡೆಯ ಡಿಸೈನು ನೆಲಕ್ಕೆ ಬಿತ್ತು. ಎಳೆಯ ಗುಂಟ ಇದ್ದದ್ದು ಗಟ್ಟಿಯಾಗಿಯೇ ಉಳಿಯಿತು. ಕುಕ್ಕರೂ ಅಲ್ಲಾಡಲಿಲ್ಲ. ಸಾರು ಚೆಲ್ಲಿದರೆ ಮಾತ್ರ 121 ತೂತಿನಿಂದಲೂ ನೇರ ಮೇಜಿಗೆ ಇಳಿಯುತ್ತೆ. ಪಾಲಿಶ್ ಮಾಡಿಲ್ಲ. ಬಿಸಿ ತಳಕ್ಕೆ ಪಾಲಿಶ್ ಅಂಟಿಕೊಂಡರೆ ಮತ್ತೊಂದು ರಗಳೆ.

ಈಗ ಅತ್ತೆ ಶೇಂಗಾ ಹೋಳಿಗೆ ಆರಿಸೋದೂ ಅದರ ಮೇಲೆಯೇ. ತೂತಿನಿಂದ ಹಬೆ ಇಳಿದುಹೋಗುತ್ತೆ, ಹೋಳಿಗೆ ತಳ ಬೆವರಲ್ಲ. ಊರಿಗೆ ಒಯ್ಯೋಕೆ ದೊಡ್ಡದೊಂದು ಬೇಕಂತೆ, ಒಂದಡಿ ಚಿಲ್ಲರೆ. ಲೆಕ್ಕ ಹಾಕಿದೆ. 19 ಗ್ರೂವ್ ಆಗುತ್ತೆ. ಈ ಜಿಗ್‌ನಲ್ಲಿ ಕೊರೆದರೆ 9 ಮಿ.ಮೀ. ಆಚೆ ಹೋಗುತ್ತೆ. ಪಟ್ಟಿ ಇರೋದೇ 8.